ಕಯಾಕೂ ಕಾಯಕವೂ

ಕಯಾಕ್ ಎಂಬ ಕಿರುದೋಣಿಯಲ್ಲಿ ಗೆಳೆಯರೊಡನೆ ಕಡಲಿಗಿಳಿದವನ ಗಾಳಕ್ಕೆ ಆಳುದ್ದದ ಶಾರ್ಕ್ ಸಿಕ್ಕಿ, ಹಿಡಿದವನನ್ನೇ ದೋಣಿಸಮೇತ ಎಳೆದೊಯ್ದ ದೃಶ್ಯಗಳನ್ನು, ಕಡಲಿಂದ ನೂರಾರು ಮೈಲಿ ಒಳಗಿರುವ ಯಾದಗಿರಿ, ಶಹಾಪುರ, ಸುರಪುರಗಳ ತರುಣರು ಈಗ ಅಂಗೈಯ ಫೋನಿನಲ್ಲಿ ಕಂಡು ಪುಲಕಿತರಾಗುತ್ತಾರೆ. ಆ ಪುಲಕವನ್ನು ನಾನು ಹಳಿಯಲಾರೆ. ಏಕೆಂದರೆ ನಮ್ಮ ಕೃಷ್ಣೆ ಭೀಮೆಯರಲ್ಲಿಯೂ ಒಂದು ಶಾರ್ಕ್ ಉಂಟು. ಅಗಲವಾದ ಬಾಯಿ, ಒತ್ತಾದ ಹಲ್ಲುಗಳು, ಹುರುಪೆಯಿಲ್ಲದ ನುಣುಪು ಮೈ, ಅನ್ಯ ಮೀನುಗಳನ್ನೇ ನುಂಗಿ ಬೆಳೆಯುವ ಸ್ವಭಾವ, ಇವುಗಳಿಂದಾಗಿ ‘ಸಿಹಿನೀರಿನ ಶಾರ್ಕ್’ ಎಂಬ ಬಿರುದನ್ನು ಪಡೆದ ಬಾಳೆ ಮೀನು ಅದು.

ದೋಣಿಯಲ್ಲಿಯೂ ನಾವು ಬಡವರಲ್ಲ. ಉತ್ತರಧ್ರುವಪ್ರದೇಶದ ಇನ್ಯೂಟ್ ಜನರು ಸೀಲ್ ಪ್ರಾಣಿಯ ತೊಗಲನ್ನು ಹಂದರಕ್ಕೆ ಬಿಗಿದು ಕಯಾಕನ್ನು ಕಟ್ಟಿದಂತೆಯೇ, ನಮ್ಮವರು ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿ ಹರಗೋಲನ್ನು ಕಟ್ಟಿದರು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇಂಥವೇ ಬುಟ್ಟಿದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಕಯಾಕು, ಹರಗೋಲು ಎರಡೂ ಹುಟ್ಟಿದುದು ವಿನೋದಕ್ಕಾಗಿ ಅಲ್ಲ, ಹೊಟ್ಟೆಗಾಗಿ. ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ 2014ರ ಮಳೆಗಾಲದಲ್ಲಿ ತುಂಬುಗರ್ಭಿಣಿಯೊಬ್ಬಳು, ಹರಗೋಲೂ ಇಳಿಯಲಾರದ ಪ್ರವಾಹವನ್ನು ಒಣಗಿದ ಸೋರೆಬುರುಡೆಗಳ ಆಸರೆಯಲ್ಲಿ ಈಜಿ ದಾಟಿದಳೆಂಬುದನ್ನು ನೆನೆದವರಿಗೆ, ಇಲ್ಲಿ ಹೊಳೆಯೆಂಬುದು ಆಟದ ಅಂಗಳವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ನಾವು ಆಡಹೋದೆವು. ಮುಂಗಾರಿನ ಮೊದಲ ಕೆನ್ನೀರು ಬಂದಿದ್ದ ಒಂದು ಬೆಳಗ್ಗೆ, ಮೌನೇಶ್ವರನ ತಿಂಥಣಿಯ ಸಮೀಪದಲ್ಲಿ, ಮೂವರು ಗೆಳೆಯರು ಒಬ್ಬ ವೃದ್ಧ ಅಂಬಿಗನ ಹರಗೋಲಿನಲ್ಲಿ ಕುಳಿತು ಗಾಳ ಬಿಟ್ಟೆವು. ಬಾಳೆ ಕಚ್ಚಿತು. ಮುಂದು ಹಿಂದುಗಳ ಭೇದವಿಲ್ಲದ ಆ ದುಂಡುದೋಣಿ, ಮೀನು ಸೆಳೆದತ್ತ ಗರಗರನೆ ತಿರುಗುತ್ತಿರಲು, ನಾವು ಭಯದಿಂದಲೂ ಹರ್ಷದಿಂದಲೂ ಕೂಗಾಡುತ್ತಿರಲು, ಹುಟ್ಟು ಹಿಡಿದು ಸಮತೋಲ ಕಾಯುತ್ತಿದ್ದ ಅಂಬಿಗನೊಬ್ಬನೇ ಮೀನಿನ ಉಬ್ಬಿದ ಹೊಟ್ಟೆಯನ್ನು ನೋಡಿದನು. “ಬಿಟ್ಟಬಿಡ್ರಿ ಧಣ್ಯಾರ, ಹೊಟ್ಟ್ಯಾಗ ತತ್ತಿ ಅದಾವ. ಬರೋ ವರ್ಷ ನಾವೇನ್ ಹಿಡೀಬೇಕ್ರಿ?” ಎಂದನು.

ಕರುಣೆಯ ಮಾತಿಗಿಂತಲೂ ಇದು ಲೆಕ್ಕದ ಮಾತು. ಬಾಳೆ ಮೊಟ್ಟೆಯಿಡುವುದು ಮುಂಗಾರಿನ ಹೊಸನೀರಿನಲ್ಲಿ. ತಾಯಿ ದೊಡ್ಡದಾದಷ್ಟೂ ಮೊಟ್ಟೆಗಳು ಹೆಚ್ಚು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯವು ಸಿದ್ಧವಾದ ಬಳಿಕ ಕೃಷ್ಣೆಯ ಹೊಸನೀರು ಮೋಡದ ಮಾತನ್ನಷ್ಟೇ ಕೇಳದೆ ಗೇಟುಗಳ ಮಾತನ್ನೂ ಕೇಳಬೇಕಾಗಿದೆ. ಈ ಜಾತಿಯನ್ನು ವಿಶ್ವದ ನಿಸರ್ಗಸಂರಕ್ಷಣಾ ಒಕ್ಕೂಟವು ತನ್ನ ಕೆಂಪುಪಟ್ಟಿಯಲ್ಲಿ ಅಳಿವಿನ ಭೀತಿಯುಳ್ಳವುಗಳ ಸಾಲಿಗೆ ಸೇರಿಸಿದೆ. ಆದುದರಿಂದ ಹೊಳೆಯ ಹಿರಿಯ ಮೀನು ಮೂಲಧನ, ಉಳಿದುದು ಬಡ್ಡಿ. ಬಡ್ಡಿಯನ್ನು ಉಣ್ಣುವುದು ಬಾಳುವೆ, ಮೂಲಧನವನ್ನು ಉಣ್ಣುವುದು ದಿವಾಳಿ.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈಗಳ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಬದುಕಿಗಾಗಿ ಮೀನು ಹಿಡಿಯುವವರೇ ಅಷ್ಟು ಸಂಯಮವನ್ನು ಪಾಲಿಸುತ್ತಿರುವಾಗ, ಮೋಜಿಗಾಗಿ ಹಿಡಿಯುವ ನಾವು ಮುಂಗಾರಿನ ಆ ಕೆಲವು ವಾರ ಹೊಳೆಯ ಕಡೆ ಗಾಳ ಒಯ್ಯಬಾರದೆಂಬ ನೇಮವನ್ನೂ, ಮಿಕ್ಕ ದಿನಗಳಲ್ಲಿ ದೊಡ್ಡ ಬಾಳೆ ಸಿಕ್ಕರೆ ನೀರಿಗೇ ಮರಳಿಸುವ ನೇಮವನ್ನೂ ಸ್ವಯಂ ಹಾಕಿಕೊಳ್ಳಲಾರೆವೆ? ಅಂಬಿಗನದು ಕಾಯಕ, ನಮ್ಮದು ಬರಿಯ ಕಯಾಕು. ಅವನ ಅನ್ನದ ಮೇಲೆ ನಮ್ಮ ಆಟ ನಡೆಯುವುದು ನ್ಯಾಯವಲ್ಲ.

ಅಂದು ನಾವು ದಾರವನ್ನು ಕೊಯ್ದುಬಿಟ್ಟೆವೆಂದು ಬರೆಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ನಾವು ಮೀನನ್ನು ದಡಕ್ಕೆ ತಂದೆವು, ತೂಗಿದೆವು, ಹೆಗಲಿಗೇರಿಸಿಕೊಂಡು ಚಿತ್ರ ತೆಗೆಸಿಕೊಂಡೆವು. ಕೊಯ್ದಾಗ ಅಂಬಿಗನ ಮಾತು ಸುಳ್ಳಾಗಲಿಲ್ಲ.