ಮರುಪಂದ್ಯವಿಲ್ಲದ ಎಫ್‌ಎ ಕಪ್

ಟ್ಯಾಮ್‌ವರ್ತ್ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಸೀಮೆಯ ಒಂದು ಪಟ್ಟಣ. ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಲ್ಯಾಂಬ್ ಗ್ರೌಂಡ್‌ನಲ್ಲಿ ನಾಲ್ಕೈದು ಸಾವಿರ ಜನರಿಗಷ್ಟೇ ಜಾಗ, ನೆಲಕ್ಕೆ ಕೃತಕ ಹುಲ್ಲು. 2025ರ ಜನವರಿ 12ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್‌ಎ ನಡೆಸುವ ಕಪ್ಪಿನ ಮೂರನೇ ಸುತ್ತಿನ ಪಂದ್ಯಕ್ಕೆ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಅಲ್ಲಿಗೆ ಬಂದಿತ್ತು. ಗೋಲಿನ ಬಲೆಯಲ್ಲಿದ್ದ ತೂತು ಮುಚ್ಚುವ ತನಕ ಆಟ ಶುರುವಾಗಲಿಲ್ಲ. ಶುರುವಾದ ಮೇಲೆ ಐದನೇ ದರ್ಜೆಯ ಟ್ಯಾಮ್‌ವರ್ತ್, ಪ್ರೀಮಿಯರ್ ಲೀಗಿನ ಆ ತಂಡಕ್ಕೆ 90 ನಿಮಿಷ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಗೋಲು ಕಾಯುತ್ತಿದ್ದ ಜಸ್ ಸಿಂಗ್ ಹೊಟ್ಟೆಪಾಡಿಗೆ ಕಟ್ಟಡಗಳ ಸರ್ವೇಯರ್. ಟಾಮ್ ಟಾಂಕ್ಸ್ ಗೆರೆಯಾಚೆ ನಿಂತು, ಎರಡೂ ಕೈಯಲ್ಲಿ ಚೆಂಡೆತ್ತಿ ಬೀಸಿದರೆ ಅದು ಗೋಲಿನ ಬಾಯಿಗೇ ಬಂದು ಬೀಳುತ್ತಿತ್ತು.

ಹಿಂದಿನ ವರ್ಷವಾಗಿದ್ದರೆ ಆ 0–0 ಫಲಿತಾಂಶಕ್ಕೆ ಒಂದು ಬೆಲೆಯಿತ್ತು. ಲಂಡನ್ನಿನಲ್ಲಿ, 60 ಸಾವಿರಕ್ಕೂ ಹೆಚ್ಚು ಜನ ಕೂರುವ ಟಾಟನ್‌ಹ್ಯಾಮಿನ ಕ್ರೀಡಾಂಗಣದಲ್ಲಿ ಮರುಪಂದ್ಯ ನಡೆಯುತ್ತಿತ್ತು. ಅದರ ಟಿಕೆಟ್ ಹಣದಲ್ಲಿ ಟ್ಯಾಮ್‌ವರ್ತ್‌ಗೂ ಪಾಲು ಬರುತ್ತಿತ್ತು. 2024–25ರ ಋತುವಿನಿಂದ ಮುಖ್ಯ ಟೂರ್ನಿಯ ಮೊದಲ ಸುತ್ತಿನಿಂದಲೇ ಮರುಪಂದ್ಯಗಳು ರದ್ದಾಗಿವೆ. ಹಾಗಾಗಿ ಅದೇ ಮಧ್ಯಾಹ್ನ ಇನ್ನೂ 30 ನಿಮಿಷ ಆಡಿಸಿದರು. ಟಾಟನ್‌ಹ್ಯಾಮಿನ ಸನ್ ಹ್ಯೂಂಗ್-ಮಿನ್, ಕುಲುಸೆವ್‌ಸ್ಕಿಯಂಥವರು ಬೆಂಚಿನಿಂದ ಎದ್ದು ಬಂದರು. 101ನೇ ನಿಮಿಷಕ್ಕೆ ಮೊದಲ ಗೋಲು. ಕೊನೆಗೆ ಟಾಟನ್‌ಹ್ಯಾಮ್‌ಗೆ 3–0 ಗೆಲುವು.

ನನ್ನ ಮನಸ್ಸು ಟ್ಯಾಮ್‌ವರ್ತ್‌ನಂಥವರ ಕಡೆಗೇ ವಾಲುತ್ತದೆ. ಆದರೆ ಮರುಪಂದ್ಯ ತೆಗೆದವರ ವಾದ, ಅವರನ್ನು ಬೈಯುವವರು ಒಪ್ಪಿಕೊಳ್ಳುವುದಕ್ಕಿಂತ ಗಟ್ಟಿಯಾಗಿದೆ. ಹಳೆಯದೆಲ್ಲ ಬಡವರ ಪರ, ಹೊಸದೆಲ್ಲ ಸಿರಿವಂತರ ಸಂಚು ಎಂದು ಬರೆದುಬಿಡುವುದು ಸುಲಭ. ಈ ಕಪ್ಪಿನ ಚರಿತ್ರೆ ಹಾಗೆ ಹೇಳುವುದಿಲ್ಲ.

ಮೊಟ್ಟಮೊದಲ ಋತುವನ್ನೇ ನೋಡಿ. 1871–72ರಲ್ಲಿ ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ತಂಡ ಲಂಡನ್ನಿಗೆ ಬಂದು ಸೆಮಿಫೈನಲ್‌ನಲ್ಲಿ ವಾಂಡರರ್ಸ್ ಜೊತೆ 0–0 ಡ್ರಾ ಮಾಡಿಕೊಂಡಿತು. ಮರುಪಂದ್ಯಕ್ಕೆ ಮತ್ತೆ ಅಷ್ಟು ದೂರ ಬರಲು ಅವರ ಬಳಿ ಹಣವಿರಲಿಲ್ಲ. ಹಿಂದೆ ಸರಿದರು. ವಾಂಡರರ್ಸ್ ಫೈನಲ್‌ಗೆ ಹೋಗಿ, ರಾಯಲ್ ಎಂಜಿನಿಯರ್ಸ್ ತಂಡವನ್ನು 1–0ರಿಂದ ಸೋಲಿಸಿ ಕಪ್ಪನ್ನೂ ಎತ್ತಿತು. ಕೈಯಲ್ಲಿ ಕಾಸಿಲ್ಲದವರಿಗೆ ಎರಡನೇ ಪಂದ್ಯ ಎಂದರೆ ಎರಡನೇ ಖರ್ಚು ಎಂಬುದು ಅಲ್ಲೇ ಗೊತ್ತಾಗಿತ್ತು.

ಆಮೇಲೆ ಅತಿರೇಕವೂ ನಡೆಯಿತು. 1971ರ ನವೆಂಬರಿನಲ್ಲಿ ಆಲ್ವ್‌ಚರ್ಚ್ ಮತ್ತು ಆಕ್ಸ್‌ಫರ್ಡ್ ಸಿಟಿ ತಂಡಗಳು ಒಂದೇ ಅರ್ಹತಾ ಸುತ್ತು ಮುಗಿಸಲು ಆರು ಪಂದ್ಯ, ಒಟ್ಟು 11 ಗಂಟೆ ಆಡಿದವು. 1980ರಲ್ಲಿ ಆರ್ಸೆನಲ್ ಮತ್ತು ಲಿವರ್‌ಪೂಲ್ ನಡುವಿನ ಸೆಮಿಫೈನಲ್ ಇತ್ಯರ್ಥವಾಗಲು ನಾಲ್ಕು ಪಂದ್ಯ ಬೇಕಾದವು. 1991–92ರಿಂದ ಒಂದೇ ಮರುಪಂದ್ಯ, ಅದೂ ಡ್ರಾ ಆದರೆ ಪೆನಾಲ್ಟಿ ಎಂದಾಯಿತು. 1999ರ ನಂತರ ಸೆಮಿಫೈನಲ್ ಮತ್ತು ಫೈನಲ್‌ಗಳಿಗೆ, 2016–17ರಿಂದ ಕ್ವಾರ್ಟರ್ ಫೈನಲ್‌ಗೆ, 2018–19ರಿಂದ ಐದನೇ ಸುತ್ತಿಗೆ ಮರುಪಂದ್ಯ ಇಲ್ಲವಾಯಿತು. ಹಾಗಾಗಿ ಮರುಪಂದ್ಯ ಪೂರ್ತಿ ರದ್ದೆಂದು 2024ರ ಏಪ್ರಿಲ್‌ನಲ್ಲಿ ಬಂದ ಪ್ರಕಟಣೆ ಏಕಾಏಕಿ ಎರಗಿದ ಸಿಡಿಲಲ್ಲ. ಮೂವತ್ತು ವರ್ಷದಿಂದ ಸವೆಯುತ್ತ ಬಂದದ್ದರ ಕೊನೆಯ ತುಂಡು ಅಷ್ಟೇ.

ತೆಗೆದವರು ಕೊಡುವ ಮುಖ್ಯ ಕಾರಣ ಕ್ಯಾಲೆಂಡರ್. 2024–25ರ ಋತುವಿನಿಂದಲೇ ಯುರೋಪಿನ ಚಾಂಪಿಯನ್ಸ್ ಲೀಗ್ 36 ತಂಡಗಳದ್ದಾಯಿತು, ಮೊದಲ ಹಂತದಲ್ಲೇ ತಂಡಕ್ಕೆ ಎಂಟು ಪಂದ್ಯಗಳಾದವು, ಅವು ಜನವರಿಗೂ ಚಾಚಿಕೊಂಡವು. ಎಫ್‌ಎ ಕಪ್ ಮರುಪಂದ್ಯಗಳಿಗೆ ಜಾಗವಿದ್ದದ್ದು ಜನವರಿಯ ವಾರದ ನಡುವಿನ ಆ ದಿನಗಳಲ್ಲೇ. 2025ರ ಬೇಸಿಗೆಯಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ ಬೇರೆ. 2024ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ರಾಡ್ರಿ, ಹೀಗೇ ನಡೆದರೆ ಆಟಗಾರರು ಮುಷ್ಕರ ಹೂಡುವ ದಿನ ದೂರವಿಲ್ಲ ಎಂದರು. ಅದಾದ ವಾರದೊಳಗೆ ಆರ್ಸೆನಲ್ ವಿರುದ್ಧ ಆಡುವಾಗ ಅವರ ಮೊಣಕಾಲಿನ ಲಿಗಮೆಂಟ್ ಹರಿಯಿತು. ಒಂದು ಗಾಯಕ್ಕೆ ಒಂದೇ ಕಾರಣ ಹೇಳಲಾಗದು ನಿಜ. ಆದರೂ ವರ್ಷಕ್ಕೆ 60ಕ್ಕೂ ಹೆಚ್ಚು ಪಂದ್ಯ ಆಡುವ ದೇಹ ದಣಿಯುತ್ತದೆ ಎನ್ನಲು ಸಂಬಳದ ಲೆಕ್ಕ ಅಡ್ಡ ಬರಬಾರದು.

ಮರುಪಂದ್ಯ ಹೆಸರಿಗಷ್ಟೇ ಉಳಿದಿತ್ತು ಎಂಬುದಕ್ಕೂ ಸಾಕ್ಷಿಯಿದೆ. 2020ರ ಜನವರಿಯಲ್ಲಿ ಮೂರನೇ ದರ್ಜೆಯ ಶ್ರೂಸ್‌ಬರಿ ತನ್ನ ಅಂಗಳದಲ್ಲಿ ಎರಡು ಗೋಲು ಹಿಂದಿದ್ದೂ ಲಿವರ್‌ಪೂಲ್ ವಿರುದ್ಧ 2–2 ಮಾಡಿತು. ಮರುಪಂದ್ಯ ಪ್ರೀಮಿಯರ್ ಲೀಗಿನ ಚಳಿಗಾಲದ ಬಿಡುವಿಗೆ ಬಿತ್ತು. ಲಿವರ್‌ಪೂಲ್‌ನ ಮ್ಯಾನೇಜರ್ ಯುರ್ಗೆನ್ ಕ್ಲಾಪ್ ತಾವೂ ಬರಲಿಲ್ಲ, ಹಿರಿಯ ಆಟಗಾರರನ್ನೂ ಕಳಿಸಲಿಲ್ಲ. ಕಿರಿಯರ ತಂಡದ ಕೋಚ್ ನೀಲ್ ಕ್ರಿಚ್ಲಿ ಸರಾಸರಿ 19 ವರ್ಷದ ಹುಡುಗರನ್ನು ಕಟ್ಟಿಕೊಂಡು ಆಡಿಸಿ 1–0ರಿಂದ ಗೆದ್ದರು. ದೊಡ್ಡ ತಂಡವೇ ಮನಸ್ಸು ಕೊಡದ ಪಂದ್ಯವನ್ನು ಯಾಕೆ ಹಿಡಿದುಕೊಳ್ಳಬೇಕು ಎಂದು ಕೆಲವರು ಕೇಳಿದರು. ಆದರೆ ಆ ರಾತ್ರಿ ಲಿವರ್‌ಪೂಲ್‌ನ ಅಂಗಳ ಆನ್‌ಫೀಲ್ಡ್‌ನಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಕೂತಿದ್ದರು ಎಂಬುದನ್ನೂ ಮರೆಯಬಾರದು. ಕ್ಲಾಪ್ ಬಾರದಿದ್ದರೂ ಜನ ಬಂದಿದ್ದರು, ಶ್ರೂಸ್‌ಬರಿಗೆ ಟಿಕೆಟ್ ಹಣದ ಪಾಲೂ ಬಂತು.

ದಣಿವಿನ ಮಾತಿನಲ್ಲಿ ನನಗೆ ಒಪ್ಪಲಾಗದ್ದು ಒಂದಿದೆ. ಮರುಪಂದ್ಯ ರದ್ದು ಎಂದು ಪ್ರಕಟವಾದದ್ದು 2024ರ ಏಪ್ರಿಲ್ 18ಕ್ಕೆ. ಮೇ 19ಕ್ಕೆ ಪ್ರೀಮಿಯರ್ ಲೀಗ್ ಮುಗಿಯಿತು. ಮೇ 22ಕ್ಕೆ ಟಾಟನ್‌ಹ್ಯಾಮ್ ಮತ್ತು ನ್ಯೂಕ್ಯಾಸಲ್ ತಂಡಗಳು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸೌಹಾರ್ದ ಪಂದ್ಯ ಆಡುತ್ತಿದ್ದವು! ಅರ್ಧ ಭೂಮಿ ಸುತ್ತಿ ಹೋಗಿ ಆಡಲು ಕಾಲಿನಲ್ಲಿ ಕಸುವಿದ್ದರೆ, ಜನವರಿಯ ಒಂದು ರಾತ್ರಿ ತಮ್ಮದೇ ಅಂಗಳದಲ್ಲಿ ಟ್ಯಾಮ್‌ವರ್ತ್ ತಂಡವನ್ನು ಎದುರಿಸಲೂ ಇರಬೇಕು. ಆಟಗಾರರ ದಣಿವು ನಿಜ. ಆದರೆ ಆ ದಣಿವಿನ ಹೆಸರು ಹೇಳಿ ಕ್ಯಾಲೆಂಡರಿನಿಂದ ಯಾವುದನ್ನು ಕಿತ್ತರು, ಯಾವುದನ್ನು ಉಳಿಸಿಕೊಂಡರು ಎಂಬುದನ್ನು ನೋಡಬೇಕು.

ಹಣದ ವಿಚಾರಕ್ಕೆ ಎಲ್ಲರೂ ಎತ್ತಿ ತೋರಿಸುವ ಉದಾಹರಣೆ ಎಕ್ಸಿಟರ್ ಸಿಟಿ. 2003ರಲ್ಲಿ ಫುಟ್‌ಬಾಲ್ ಲೀಗಿನಿಂದಲೇ ಕೆಳಗಿಳಿದು, ಸಾಲದಲ್ಲಿ ಮುಳುಗಿದ್ದ ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟ್ ಕೈಗೆತ್ತಿಕೊಂಡಿತ್ತು. 2005ರ ಜನವರಿ 8ರಂದು ಆ ಐದನೇ ದರ್ಜೆಯ ತಂಡ ಓಲ್ಡ್ ಟ್ರಾಫರ್ಡ್‌ನಲ್ಲಿ, 67 ಸಾವಿರ ಜನರೆದುರು, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 0–0 ಹಿಡಿದು ನಿಂತಿತು. ಹನ್ನೊಂದು ದಿನದ ಮೇಲೆ ಎಕ್ಸಿಟರ್‌ನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಮರುಪಂದ್ಯ. ರೊನಾಲ್ಡೊ, ರೂನಿ ಒಂದೊಂದು ಗೋಲು ಹೊಡೆದು ಯುನೈಟೆಡ್ ತಂಡವನ್ನು ಗೆಲ್ಲಿಸಿದರು. ಆ ಎರಡು ಪಂದ್ಯಗಳ ಟಿಕೆಟ್ ಮತ್ತು ಟಿವಿ ಹಣವೇ ಕ್ಲಬ್ಬನ್ನು ಉಳಿಸಿತು ಎಂದು ಊರಿಗೆ ಊರೇ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಮೊದಲ ಪಂದ್ಯದ ಓಲ್ಡ್ ಟ್ರಾಫರ್ಡಿನ ಗೇಟಿನಿಂದ ಬಂದದ್ದು. ಅಂದರೆ ಯಾರಿಗೆ ಯಾರು ಎದುರು ಎಂದು ಚೀಟಿ ಎತ್ತಿದವರ ಕೈಗುಣದಿಂದ. ಚಿಕ್ಕ ಕ್ಲಬ್ಬುಗಳ ಬದುಕು ಇಂಥ ಅದೃಷ್ಟದ ಮೇಲೆ ನಿಲ್ಲಬಾರದು, ಪ್ರತಿವರ್ಷ ನೆಚ್ಚಬಹುದಾದ ಹಣ ಬರಬೇಕು ಎಂಬುದು ಎದುರು ಪಕ್ಷದ ಮಾತು. ಪ್ರೀಮಿಯರ್ ಲೀಗ್ ತಳಮಟ್ಟದ ಆಟಕ್ಕೆ ಹೆಚ್ಚುವರಿಯಾಗಿ 3.3 ಕೋಟಿ ಪೌಂಡ್‌ವರೆಗೆ ಕೊಡಲು ಒಪ್ಪಿದ್ದನ್ನು ಅವರು ತೋರಿಸುತ್ತಾರೆ. ಮಾತು ಸರಿಯೇ. ಆದರೆ ತಳಮಟ್ಟಕ್ಕೆ ಹಂಚುವ ಹಣ ಬೇರೆ, ಸಿರಿವಂತ ತಂಡವನ್ನು 90 ನಿಮಿಷ ತಡೆದು ನಿಲ್ಲಿಸಿದ ಕ್ಲಬ್ಬು ದುಡಿದ ಹಣ ಬೇರೆ. ಒಂದನ್ನು ಕೊಟ್ಟು ಇನ್ನೊಂದರ ಬಾಕಿ ತೀರಿತು ಎನ್ನಲಾಗದು.

ಇದೇ ಎಕ್ಸಿಟರ್ 2025ರ ಫೆಬ್ರವರಿ 11ರಂದು ನಾಲ್ಕನೇ ಸುತ್ತಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ 2–2 ಆಡಿತು. ಎರಡೂ ಗೋಲು ಜೋಶ್ ಮೆಗೆನಿಸ್‌ದು. ಫಾರೆಸ್ಟ್ ಆಗ ಪ್ರೀಮಿಯರ್ ಲೀಗ್ ಪಟ್ಟಿಯ ಮೇಲ್ಭಾಗದಲ್ಲಿತ್ತು. ಮರುಪಂದ್ಯವಿಲ್ಲ, ಪೆನಾಲ್ಟಿಯಲ್ಲಿ 4–2ರಿಂದ ಎಕ್ಸಿಟರ್ ಹೊರಬಿತ್ತು. ಫಾರೆಸ್ಟ್ ಮುಂದೆ ಇಪ್ಸ್‌ವಿಚ್ ಮತ್ತು ಬ್ರೈಟನ್ ತಂಡಗಳನ್ನೂ ಪೆನಾಲ್ಟಿಯಲ್ಲೇ ದಾಟಿ ಸೆಮಿಫೈನಲ್ ತಲುಪಿತು.

ಬರೀ ಆಟದ ದೃಷ್ಟಿಯಿಂದ ನೋಡಿದರೆ ತಕ್ಕಡಿ ಇನ್ನೂ ತೂಗಾಡುತ್ತದೆ. ಹೆರೆಫರ್ಡ್ ಹೆಸರು ಹೇಳದೆ ಮರುಪಂದ್ಯದ ಪರ ಯಾರೂ ಮಾತಾಡುವುದಿಲ್ಲ. 1972ರಲ್ಲಿ, ಫುಟ್‌ಬಾಲ್ ಲೀಗಿನ ಹೊರಗಿದ್ದ ಸದರ್ನ್ ಲೀಗಿನ ಆ ತಂಡ ಮೊದಲ ದರ್ಜೆಯ ನ್ಯೂಕ್ಯಾಸಲ್‌ಗೆ ಹೋಗಿ 2–2 ಮಾಡಿಕೊಂಡು ಬಂತು. ಫೆಬ್ರವರಿ 5ರಂದು ಕೆಸರಾಗಿದ್ದ ತನ್ನ ಎಡ್ಗರ್ ಸ್ಟ್ರೀಟ್ ಅಂಗಳದಲ್ಲಿ ಒಂದು ಗೋಲು ಹಿಂದೆ ಬಿದ್ದಿದ್ದಾಗ ರಾನಿ ರಾಡ್‌ಫರ್ಡ್ ದೂರದಿಂದ ಬಾರಿಸಿದ ಚೆಂಡು ಬಲೆಯ ಮೇಲ್ಮೂಲೆ ಸೇರಿತು, ಹುಡುಗರು ಅಂಗಳಕ್ಕೆ ನುಗ್ಗಿದರು. ಹೆಚ್ಚುವರಿ ಅವಧಿಯಲ್ಲಿ ರಿಕಿ ಜಾರ್ಜ್ ಗೆಲುವಿನ ಗೋಲು ಹೊಡೆದರು. ಮರುಪಂದ್ಯ ಇರದಿದ್ದರೆ ಈ ಕಥೆಯೇ ಇಲ್ಲ. ಆದರೆ 1990ರ ಫೈನಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ 3–2ರಿಂದ ಮುಂದಿದ್ದಾಗ, ಪಂದ್ಯ ಮುಗಿಯಲು ಏಳು ನಿಮಿಷವಿದೆ ಎನ್ನುವಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾರ್ಕ್ ಹ್ಯೂಸ್ ಸಮ ಮಾಡಿದರು. ಐದು ದಿನದ ಮೇಲಿನ ಮರುಪಂದ್ಯದಲ್ಲಿ ಯುನೈಟೆಡ್ 1–0ರಿಂದ ಕಪ್ ಒಯ್ಯಿತು. ದುರ್ಬಲರ ಒಳ್ಳೆಯ ದಿನ ಮೊದಲ ದಿನವೇ, ಮರುಪಂದ್ಯ ಬಲ್ಲಿದರಿಗೆ ಸಿಗುವ ಎರಡನೇ ಅವಕಾಶ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಮರುಪಂದ್ಯವಿಲ್ಲದ ಮೊದಲ ಋತು ಕಪ್ಪಿನ ಕಳೆಯನ್ನೇನೂ ಕೆಡಿಸಲಿಲ್ಲ. ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ನ ಪಟ್ಟಿಯ ತಳದಲ್ಲಿದ್ದ ಪ್ಲಿಮತ್, ಪ್ರೀಮಿಯರ್ ಲೀಗಿನ ಮೊದಲ ಸ್ಥಾನದಲ್ಲಿದ್ದ ಲಿವರ್‌ಪೂಲ್ ತಂಡವನ್ನು ರಯಾನ್ ಹಾರ್ಡಿಯ ಪೆನಾಲ್ಟಿಯಿಂದ 1–0ಕ್ಕೆ ಹೊಡೆದು ಹಾಕಿತು. ಮೇ 17ರ ಫೈನಲ್‌ನಲ್ಲಿ ಅದೇ ಪ್ಯಾಲೆಸ್, ಎಬರೆಚಿ ಎಝೆಯ ಗೋಲು ಮತ್ತು ಡೀನ್ ಹೆಂಡರ್ಸನ್ ತಡೆದ ಪೆನಾಲ್ಟಿಯ ಬಲದಿಂದ ಮ್ಯಾಂಚೆಸ್ಟರ್ ಸಿಟಿಯನ್ನು ಮಣಿಸಿ ತನ್ನ ಮೊದಲ ದೊಡ್ಡ ಕಪ್ ಎತ್ತಿತು. ಇದನ್ನು ಕಂಡು ಹಿಗ್ಗದವರಾರು? ಆದರೆ ಇವು ಗೆದ್ದವರ ಕಥೆಗಳು. ಮರುಪಂದ್ಯ ಕಾಪಾಡುತ್ತಿದ್ದದ್ದು ಗೆಲ್ಲಲಾಗದಿದ್ದರೂ ಸೋಲದೆ ನಿಂತವರನ್ನು.

ಹೆಚ್ಚುವರಿ ಅವಧಿ ಮಾತ್ರ ನನಗೆ ಅನ್ಯಾಯವೆಂದೇ ಕಾಣುತ್ತದೆ. ಕೆಲಸದ ನಡುವೆ ತಾಲೀಮು ಮಾಡುವವರ ಕಾಲು ಸೋಲುವುದೇ ಆಗ, ಸಿರಿವಂತರ ಬೆಂಚಿಗೆ ಬೆಲೆ ಬರುವುದೂ ಆಗ. ಫ್ರಾನ್ಸಿನ ಕಪ್‌ನಲ್ಲಿ 2020–21ರಿಂದ ಫೈನಲ್‌ಗೆ ಮುಂಚಿನ ಸುತ್ತುಗಳಲ್ಲಿ 90 ನಿಮಿಷ ಆದೊಡನೆ ಪೆನಾಲ್ಟಿಗೆ ಹೋಗುತ್ತಾರೆ. ಇಂಗ್ಲೆಂಡಿನ ಲೀಗ್ ಕಪ್‌ನ ಮೊದಲ ಸುತ್ತುಗಳಲ್ಲೂ ಹಾಗೆಯೇ. ಮರುಪಂದ್ಯ ಕಿತ್ತುಕೊಂಡ ಮೇಲೆ ಅಷ್ಟನ್ನಾದರೂ ಎಫ್‌ಎ ಕೊಡಬಹುದಿತ್ತು.

ಮೂರನೇ ಸುತ್ತಿನಿಂದಾಚೆ ಮರುಪಂದ್ಯ ವಾಪಸ್ ಬರುತ್ತದೆಂಬ ಭ್ರಮೆ ನನಗಿಲ್ಲ. ಯುರೋಪಿನ ಕ್ಯಾಲೆಂಡರ್ ಹಿಗ್ಗುತ್ತಲೇ ಇದೆ. ಆದರೆ ಪ್ರೀಮಿಯರ್ ಲೀಗ್ ತಂಡಗಳು ಕಪ್‌ಗೆ ಕಾಲಿಡುವುದೇ ಮೂರನೇ ಸುತ್ತಿನಲ್ಲಿ. ಮೊದಲ ಎರಡು ಸುತ್ತುಗಳಲ್ಲಿ ಆಡುವವರು ಮೂರನೇ, ನಾಲ್ಕನೇ ದರ್ಜೆಗಳಾದ ಲೀಗ್ ಒನ್, ಲೀಗ್ ಟೂ ಮತ್ತು ಅದಕ್ಕೂ ಕೆಳಗಿನವರು. ಅಲ್ಲಿಯೂ ಪಂದ್ಯಗಳ ಭಾರವಿದೆ: 46 ಲೀಗ್ ಪಂದ್ಯ, ಚಳಿಯಲ್ಲಿ ದೂರದ ಪ್ರಯಾಣ, ಖಾಲಿ ಗ್ಯಾಲರಿಗಳ ನಷ್ಟ. ಮರುಪಂದ್ಯ ಬೇಡವೆನ್ನುವ ಕ್ಲಬ್ಬುಗಳೂ ಅವರಲ್ಲಿ ಇರಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರೇ. 2024ರಲ್ಲಿ ಆದದ್ದು ಎಫ್‌ಎ ಮತ್ತು ಪ್ರೀಮಿಯರ್ ಲೀಗ್ ನಡುವಿನ ಒಪ್ಪಂದ. ಚರ್ಚೆಯಲ್ಲಿ ಎಲ್ಲರೂ ಇದ್ದರು ಎಂದು ಎಫ್‌ಎ ಹೇಳಿತು. ತನ್ನ ಕ್ಲಬ್ಬುಗಳ ಒಪ್ಪಿಗೆ ಪಡೆದಿಲ್ಲ ಎಂದು ಪ್ರೀಮಿಯರ್ ಲೀಗಿನ ಕೆಳಗಿನ ಮೂರು ದರ್ಜೆಗಳನ್ನು ನಡೆಸುವ, 72 ಕ್ಲಬ್ಬುಗಳ ಇಎಫ್‌ಎಲ್ (ಇಂಗ್ಲಿಷ್ ಫುಟ್‌ಬಾಲ್ ಲೀಗ್) ಹೇಳಿತು. ಈ ಎರಡು ಸುತ್ತುಗಳ ಮಟ್ಟಿಗಾದರೂ ಅವುಗಳಲ್ಲಿ ಆಡುವ ಕ್ಲಬ್ಬುಗಳನ್ನೇ ಕೂಡಿಸಿ ಮತಕ್ಕೆ ಹಾಕಲಿ. ಬೇಡವೆಂದರೆ ಸರಿ. ಬೇಕೆಂದರೆ ಯುರೋಪಿನ ಯಾವ ಪಂದ್ಯಕ್ಕೂ ಅಡ್ಡಿಯಿಲ್ಲದೆ ಮುಂದಿನ ನವೆಂಬರಿನಿಂದಲೇ ಆಡಿಸಬಹುದು.