ಒಂದುಗಳ ಹಾರ

ಮುಂಡಗೋಡ ತಾಲೂಕಿನ ಪಾಳಾದಿಂದ ಪಾಲಕರೊಬ್ಬರು ಪತ್ರ ಬರೆದಿದ್ದಾರೆ. ಒಂಬತ್ತನೇ ತರಗತಿಯ ಮಗಳು ಪಾಠದ ಲೆಕ್ಕ ಬಿಟ್ಟು ಬೇರೊಂದರ ಬೆನ್ನು ಹತ್ತಿದ್ದಾಳಂತೆ. 2ನ್ನು ಎರಡು ಸಲ, ಮೂರು ಸಲ, ಐದು ಸಲ, ಏಳು ಸಲ ಬರೆದು ಗುಣಿಸಿ, ಪ್ರತಿ ಉತ್ತರದಲ್ಲೂ 1 ಕಳೆದರೆ 3, 7, 31, 127 ಬರುತ್ತವೆ. ನಾಲ್ಕೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದೂ ಅವನ್ನು ಭಾಗಿಸದು. ‘ಎಷ್ಟು ಸಲ ಬರೆದೆವೋ ಆ ಎಣಿಕೆ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯ’ ಎಂಬುದು ಅವಳ ವಾದ. ‘ಇದು ನಿಜವೇ? ಪರೀಕ್ಷೆಗೆ ಇದರಿಂದ ಉಪಯೋಗವುಂಟೇ?’ ಎಂಬುದು ತಂದೆಯ ಪ್ರಶ್ನೆ.

ಮಗೂ, ಇನ್ನೊಂದು ಹೆಜ್ಜೆ ಮುಂದೆ ಹೋಗು. 11 ಸಲ ಗುಣಿಸಿದರೆ 2048. 1 ಕಳೆದರೆ 2047. ಇದು 23 × 89! ವಾದ ಮುರಿದುಬಿತ್ತು. ಬೇಸರ ಬೇಡ. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಇಂಥ ಪಟ್ಟಿಯಲ್ಲೂ 67 ತಪ್ಪಾಗಿ ಸೇರಿತ್ತು. 1903ರಲ್ಲಿ ಅಮೆರಿಕದ ಕೋಲ್ ಆ ಸಂಖ್ಯೆಯನ್ನು ಒಡೆದು ತೋರಿಸಿದರು: 193707721 × 761838257287.

ಆದರೆ ನಿನ್ನ ಮಾತನ್ನು ತಿರುಗಿಸಿದರೆ ಅದು ಸತ್ಯ. ಉತ್ತರ ಅವಿಭಾಜ್ಯವಾಗಬೇಕಾದರೆ ಎಣಿಕೆ ಅವಿಭಾಜ್ಯವಾಗಿರಲೇಬೇಕು. ಏಕೆ?

ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 152207 × 73 = 11111111 ಅವುಗಳಲ್ಲೊಂದು. ಈಗ ಆರು ಮಣಿಗಳ ಹಾರ 111111 ತೆಗೆದುಕೊಳ್ಳಿ. ಅದನ್ನು 111, 111 ಎಂದು ಸಮನಾಗಿ ಕತ್ತರಿಸಬಹುದು. ಹಾಗಾಗಿ 111 ಅದನ್ನು ಭಾಗಿಸಲೇಬೇಕು: 111 × 1001. ಮಣಿಗಳನ್ನು ಸಮಪಾಲು ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಕಂಪ್ಯೂಟರ್ ಬಳಸುವ ಎರಡರ ಪದ್ಧತಿಯಲ್ಲಿ 3, 7, 31, 127 ಇವೂ 11, 111, 11111, 1111111 ಎಂಬ ಹಾರಗಳೇ. ಅಲ್ಲಿಯೂ ಇದೇ ನ್ಯಾಯ.

ಇಂಥದೇ ಮಹಾಹಾರವೊಂದನ್ನು 2024ರ ಅಕ್ಟೋಬರಿನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದರು. ಅಂದಿಗೆ ಗೊತ್ತಿದ್ದ ಅವಿಭಾಜ್ಯಗಳಲ್ಲೆಲ್ಲ ಅದೇ ದೊಡ್ಡದು. 2ನ್ನು 136279841 ಸಲ ಗುಣಿಸಿ 1 ಕಳೆದ ಆ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೊಂದು ಅಂಕಿಯಂತೆ ಹಗಲೂ ರಾತ್ರಿ ಬರೆದರೂ ಸುಮಾರು 475 ದಿನ ಬೇಕು! ಆದರೂ ಅದರ ಕೊನೆಯ ಅಂಕಿಯನ್ನು ಪಾಳಾದಲ್ಲೇ ಕುಳಿತು ಹೇಳಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತದೆ. 136279841ನ್ನು 4ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಘಾತದ ಕೊನೆಗೆ 2, ಒಂದು ಕಳೆದರೆ 1.

ತಂದೆಯವರಿಗೆ ಒಂದು ಮಾತು. ಈ ಪ್ರಶ್ನೆ ಪರೀಕ್ಷೆಗೆ ಬರಲಾರದು. ಆದರೆ ನಾಲ್ಕು ಉದಾಹರಣೆ ಸರಿಬಂದ ಮಾತ್ರಕ್ಕೆ ನಿಯಮವಾಗದು, ಕಾರಣ ಬೇಕು ಎಂಬುದನ್ನು ಮಗಳು ತಾನೇ ತಪ್ಪಿ ಕಲಿಯುತ್ತಿದ್ದಾಳೆ. ಪಾಠದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಅವಳಿಗೆ ಬಿಟ್ಟುಕೊಡಿ.

ಈ ವಾರದ ಲೆಕ್ಕ: ನಮ್ಮ ಹತ್ತರ ಪದ್ಧತಿಯ 1111111 ಅವಿಭಾಜ್ಯವಲ್ಲ. 300ರೊಳಗಿನ ಯಾವ ಸಂಖ್ಯೆ ಅದನ್ನು ಭಾಗಿಸುತ್ತದೆ? ಉತ್ತರ ಮುಂದಿನ ವಾರ.