ಗೂಡಿಗೊಂದು ತೂಕ, ಮನುಷ್ಯನಿಗೆ?



ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂರು ಗ್ರಾಂ ಹೆಚ್ಚುಕಮ್ಮಿ ಆದರೆ ಜಗಳಕ್ಕೆ ನಿಲ್ಲುವವರು ನೀವು. ಅದೇ ನೀವು ಮನೆಯವರನ್ನು ಡಯಾಲಿಸಿಸ್‌ಗೆ ಮಲಗಿಸಿ ಬಾಯಿಮುಚ್ಚಿ ಹೊರಗೆ ಕೂರುತ್ತೀರಲ್ಲ, ಯಾಕೆ? "ಪುಕ್ಕಟೆ ಮಾಡ್ತಾರೆ, ಕೇಳೋದೇನು" ಅಂತಲೇ?

ಯಾವುದ್ರೀ ಪುಕ್ಕಟೆ? 2016ರಲ್ಲಿ ಕೇಂದ್ರ ಸರ್ಕಾರ ಸಾರಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ನಮ್ಮ ತೆರಿಗೆ ದುಡ್ಡಿನದು. ಗುತ್ತಿಗೆಗೆ ಕೊಟ್ಟ ಕಡೆ ಗುತ್ತಿಗೆದಾರನಿಗೆ ಸಲಕ್ಕಿಷ್ಟು ಎಂದು ಹಣ ಸಲ್ಲುತ್ತದೆ. ನಾಲ್ಕು ಗಂಟೆ ಓಡಬೇಕಾದ ಯಂತ್ರವನ್ನು ಮೂರಕ್ಕೇ ನಿಲ್ಲಿಸಿದರೆ ಲಾಭ ಯಾರಿಗೆ, ಕಾಲು ಊದುವುದು ಯಾರಿಗೆ? ಗಡಿಯಾರ ನೋಡಿ. ಮಲಗುವ ಮುಂಚೆ, ಎದ್ದ ಮೇಲೆ, ಎರಡು ಸಲವೂ ತೂಕ ಹಾಕಿಸಿ ಬರೆಸಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡದು ನೀರು. ಒಂದು ಸಲಕ್ಕೆ ಸುಮಾರು 120 ಲೀಟರು ನೀರು ರೋಗಿಯ ರಕ್ತದ ಪಕ್ಕದಲ್ಲೇ, ತೆಳುವಾದ ಪೊರೆಯ ಆಚೆ ಹರಿಯುತ್ತದೆ. ನಮ್ಮ ಸೀಮೆಯ ಬೋರ್‌ವೆಲ್ ನೀರಿನ ಫ್ಲೋರೈಡು ನಿಮಗೆ ಹೊಸದಲ್ಲ. 1996ರಲ್ಲಿ ಬ್ರೆಜಿಲಿನ ಕರುವಾರು ಊರಲ್ಲಿ ಸರಿಯಾಗಿ ಶುದ್ಧಿಮಾಡದ ನೀರಿನಿಂದ ಪಾಚಿಯ ವಿಷ ಮೈಗೇರಿ 50ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳು ಸತ್ತರು. ಆದ್ದರಿಂದ ಕೇಳಿ: ನೀರು ಪರೀಕ್ಷೆ ಮಾಡಿಸಿದ್ದು ಯಾವತ್ತು? ಅದರ ಚೀಟಿ ಎಲ್ಲಿ? ಬಿ ಕಾಮಾಲೆ ಇರುವವರಿಗೆ ಬೇರೆ ಯಂತ್ರ ಉಂಟೋ? ತೊಳೆದು ಮತ್ತೆ ಬಳಸುವ ಫಿಲ್ಟರಿನ ಮೇಲೆ ನಿಮ್ಮವರ ಹೆಸರೇ ಇದೆಯೋ?

ರಕ್ತ ಏರಿಸುವ ಇಂಜೆಕ್ಷನ್ ಹೊರಗಿಂದ ತನ್ನಿ ಅಂದರೆ ಅದು ಸಾಲದ ಬಾಬ್ತು. ವಾರಕ್ಕೆ ಮೂರು ದಿನದ ಬಸ್ ಚಾರ್ಜು, ಹುಳು ಹಣ್ಣಾಗೋ ಹೊತ್ತಿಗೆ ಆಸ್ಪತ್ರೆ ಬಾಗಿಲು ಕಾಯುವ ಮನೆಯ ಆಳು, ಇವನ್ನು ಯಾವ ಸಾಹೇಬರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಹಿಡಿಯಿರಿ. ಹೊರಗಡೆ ಕೊಂಡ ಪ್ರತಿ ಔಷಧಿಯ ರಸೀದಿ ಇಟ್ಟುಕೊಂಡು, ಹತ್ತು ಮನೆಯವರು ಒಟ್ಟಾಗಿ, ಆಸ್ಪತ್ರೆಯ ಆಡಳಿತಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ.